ಪೋಸ್ಟ್ ತೆಗೆದವರು ಯಾರು, ಕೇಳೋದು ಯಾರನ್ನ?

ಜಾಲತಾಣಗಳಲ್ಲಿ ಪೋಸ್ಟ್ ತೆಗೆಯೋದು, ಅಕೌಂಟ್ ಬಂದ್ ಮಾಡೋದು, ಇದರ ಬಗ್ಗೆ ಏನಾದರೂ ಕೇಳೋದಿದ್ದರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೇ ತಡ, ಪತ್ರಗಳು ರಾಶಿ ಬಿದ್ದಿವೆ. ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ. ಒಂದೇ ಥರದ್ದನ್ನು ಒಟ್ಟು ಮಾಡಿ ಕೆಲವನ್ನು ಆರಿಸಿದ್ದೇನೆ. ಕೆಲವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಯಾರ ಹೆಸರೂ ಬೇಡ, ಊರು ಸಾಕು.

ಪ್ರಶ್ನೆ: ನಮ್ಮೂರ ಬಯಲಾಟದ ವಿಡಿಯೊ ಹಾಕಿದ್ದೆ ಮೇಡಂ. ದುಶ್ಶಾಸನ ವಧೆ, ಭೀಮ ಕೆಂಪು ನೀರು ಮುಖಕ್ಕೆಲ್ಲ ಬಳಿದುಕೊಂಡು ಅಬ್ಬರಿಸೋ ಜಾಗ. 'ತೀವ್ರ ಹಿಂಸೆ' ಅಂತ ತೆಗೆದುಬಿಟ್ಟರು, ಪೇಜಿಗೂ ಒಂದು ಎಚ್ಚರಿಕೆ ಬಂತು. ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಇದೆ ಅಲ್ವಾ? ಕೋರ್ಟಿಗೆ ಹೋಗಬಹುದಾ? — ಹೊನ್ನಾವರ

ಭೀಮನಿಗೇ ಎಚ್ಚರಿಕೆ ಕೊಟ್ಟಿದ್ದಾರೆ ಅಂದರೆ ಧೈರ್ಯ ಮೆಚ್ಚಬೇಕು! ಇರಲಿ. ನೀವು ಹೇಳೋ ವಾಕ್ ಸ್ವಾತಂತ್ರ್ಯ ಇರೋದು ಸಂವಿಧಾನದ 19ನೇ ವಿಧಿಯಲ್ಲಿ, ಅದು ಮುಖ್ಯವಾಗಿ ನಿಮ್ಮ ಮತ್ತು ಸರ್ಕಾರದ ನಡುವಿನ ಮಾತು. ಸರ್ಕಾರ ನಿಮ್ಮ ಬಾಯಿ ಮುಚ್ಚಿಸಬಾರದು, ಮುಚ್ಚಿಸಿದರೆ ಅಲ್ಲಿ ಹೇಳಿರೋ ಕಾರಣಗಳಲ್ಲಿ ಒಂದಾದರೂ ಇರಬೇಕು. ನಿಮ್ಮ ವಿಡಿಯೊ ತೆಗೆದದ್ದು ಸರ್ಕಾರ ಅಲ್ಲ, ಒಂದು ಖಾಸಗಿ ಕಂಪನಿ. ಅಕೌಂಟ್ ತೆರೆಯುವಾಗ ನಾವೆಲ್ಲ ಓದದೇ ಒತ್ತೋ ಒಪ್ಪಿಗೆ ಇದೆಯಲ್ಲ, ಅದರಲ್ಲೇ 'ನಮ್ಮ ನಿಯಮ ಮೀರಿದರೆ ತೆಗೀತೀವಿ' ಅಂತ ಇರುತ್ತೆ. ಖಾಸಗಿಯವರ ವಿರುದ್ಧವೂ 19ನೇ ವಿಧಿಯ ಹಕ್ಕನ್ನು ಕೇಳಬಹುದು ಅಂತ 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಬಹುಮತದಿಂದ ಹೇಳಿದೆ, ನಿಜ. ಆದರೆ ಅದನ್ನು ಹಿಡಿದುಕೊಂಡು ಒಂದು ವಿಡಿಯೊ ವಾಪಸ್ ತರಿಸೋಕೆ ಹೋದರೆ ಮುಂದಿನ ವರ್ಷದ ಮೇಳ ತಿರುಗಾಟ ಮುಗಿಸಿದರೂ ನಿಮ್ಮ ಕೇಸು ಮುಗಿದಿರಲ್ಲ.

ಅದಕ್ಕಿಂತ ಹತ್ತಿರದ ದಾರಿ ಇದೆ. 2021ರ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರೋ ಜಾಲತಾಣ ತಾನಾಗಿ ಏನನ್ನಾದರೂ ತೆಗೆಯೋದಾದರೆ, ತೆಗೆಯೋ ಮೊದಲೇ ಯಾಕೆ ಅಂತ ಕಾರಣ ತಿಳಿಸಬೇಕು, ನಿಮ್ಮ ವಾದ ಹೇಳೋಕೂ ಅವಕಾಶ ಕೊಡಬೇಕು. ಕಾಗದದ ಮೇಲೆ ಇದು ತುಂಬ ಒಳ್ಳೆಯ ನಿಯಮ. ನಡೆಯೋದು ಬೇರೆ. ಒಂದು ಸಾಲಿನ ಸಿದ್ಧ ಉತ್ತರ ಬರುತ್ತೆ, ಅದೂ ವಿಡಿಯೊ ಹೋದಮೇಲೆ.

ಮೊದಲು ಆಪ್ ಒಳಗಿನ ಮೇಲ್ಮನವಿ ಗುಂಡಿ ಒತ್ತಿ. ಆಗಲಿಲ್ಲ ಅಂದರೆ ಆ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಹಾಕಲೇಬೇಕು ಅನ್ನೋದೂ ನಿಯಮವೇ. ದೂರು ಸಿಕ್ಕಿದೆ ಅಂತ 24 ಗಂಟೆಯೊಳಗೆ ಹೇಳಬೇಕು. ಇತ್ಯರ್ಥಕ್ಕೆ ಮೊದಲು 15 ದಿನ ಇತ್ತು, 2026ರ ಫೆಬ್ರವರಿ ತಿದ್ದುಪಡಿಯಲ್ಲಿ 7 ದಿನಕ್ಕೆ ಇಳಿಸಿದ್ದಾರೆ. ಅಲ್ಲೂ ಆಗಲಿಲ್ಲವಾದರೆ 30 ದಿನದೊಳಗೆ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಕಂಪನಿ ಮಾಡಿದ್ದು ಸರಿಯಾ ಅಂತ ಸರ್ಕಾರದ ಸಮಿತಿ ತೀರ್ಮಾನಿಸೋದು ನನಗೇನೂ ಅಷ್ಟು ಇಷ್ಟವಾದ ಏರ್ಪಾಡಲ್ಲ. ಆದರೆ ಬಾಗಿಲು ತೆರೆದಿದೆ, ನುಗ್ಗಿ. ಅರ್ಜಿಯಲ್ಲಿ 'ಇದು ಯಕ್ಷಗಾನ, ರಂಗಕಲೆ, ಕಾಣೋದು ರಕ್ತವಲ್ಲ ಬಣ್ಣದ ನೀರು' ಅಂತ ಬಿಡಿಸಿ ಬರೀರಿ. ನೋಡೋ ಯಂತ್ರಕ್ಕೆ ಚಂಡೆಯೂ ಗೊತ್ತಿಲ್ಲ, ಮದ್ದಳೆಯೂ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಪಂಚಾಯಿತಿ ನೀರಿನ ಟ್ಯಾಂಕ್ ತೊಳೆದು ಎಷ್ಟು ದಿನ ಆಯ್ತು ಅಂತ ಫೋಟೊ ಸಮೇತ ಪೋಸ್ಟ್ ಹಾಕಿದೆ. ಸ್ಟೇಷನ್ನಿಂದ ಫೋನ್. 'ಡಿಲೀಟ್ ಮಾಡು, ಇಲ್ಲಾಂದ್ರೆ ಐಟಿ ಆಕ್ಟ್ ಹಾಕ್ತೀವಿ' ಅಂದರು. ಭಯ ಆಗಿ ತೆಗೆದೆ. ಸರಿ ಮಾಡಿದೆನಾ? — ತುಮಕೂರು ಜಿಲ್ಲೆ

ಭಯ ಪಟ್ಟಿದ್ದರಲ್ಲಿ ತಪ್ಪೇನಿಲ್ಲ. ಸ್ಟೇಷನ್ ನಂಬರಿನಿಂದ ಫೋನ್ ಬಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಆದರೆ ತೆಗೆಯೋ ಅಗತ್ಯ ಇರಲಿಲ್ಲ.

ಆ 'ಐಟಿ ಆಕ್ಟ್' ಅನ್ನೋ ಬೆದರಿಕೆಗೆ ಒಂದು ಕತೆ ಇದೆ. ಹಿಂದೆ ಆ ಕಾಯ್ದೆಯಲ್ಲಿ 66ಎ ಅನ್ನೋ ಸೆಕ್ಷನ್ ಇತ್ತು. ಯಾರಿಗಾದರೂ ಕಿರಿಕಿರಿ, ಅನಾನುಕೂಲ ಆಗೋ ಥರ ಆನ್‌ಲೈನಿನಲ್ಲಿ ಬರೆದರೆ ಮೂರು ವರ್ಷದವರೆಗೆ ಜೈಲು. ಕಿರಿಕಿರಿ ಆಗದವರು ಯಾರಿದ್ದಾರೆ ಹೇಳಿ! 2012ರ ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಯಾಕೆ ಬಂದ್ ಆಗಬೇಕು ಅಂತ ಮಹಾರಾಷ್ಟ್ರದ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಇದನ್ನು ನೋಡಿ ಶ್ರೇಯಾ ಸಿಂಘಾಲ್ ಅನ್ನೋ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟ್ 66ಎಯನ್ನು ಪೂರ್ತಿ ರದ್ದು ಮಾಡಿತು. ಚರ್ಚೆ ಮಾಡೋದು, ಒಂದು ವಿಚಾರದ ಪರ ವಾದಿಸೋದು, ಜನರನ್ನು ಎತ್ತಿಕಟ್ಟೋದು, ಈ ಮೂರೂ ಬೇರೆ ಬೇರೆ, ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು ಅಂದಿತು.

ತಮಾಷೆ ಅಂದರೆ, ಸತ್ತ ಸೆಕ್ಷನ್ ಸ್ಟೇಷನ್‌ಗಳಲ್ಲಿ ಬದುಕಿಯೇ ಇತ್ತು. ಇನ್ನೂ ಅದರಡಿ ಕೇಸು ಹಾಕ್ತಿದ್ದಾರೆ ಅಂತ ಗೊತ್ತಾಗಿ 2021ರಲ್ಲಿ ಸುಪ್ರೀಂ ಕೋರ್ಟೇ ದಂಗಾಯಿತು. 2022ರ ಅಕ್ಟೋಬರಿನಲ್ಲಿ, ಇನ್ನು ಯಾರ ಮೇಲೂ ಹಾಕಕೂಡದು ಅಂತ ಮತ್ತೆ ಆದೇಶ ಮಾಡಬೇಕಾಯಿತು.

ಹಾಗಂತ ಪೊಲೀಸರ ಕೈ ಖಾಲಿ ಇಲ್ಲ. ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 196 ಇದೆ, ಗುಂಪು ಗುಂಪಿನ ನಡುವೆ ದ್ವೇಷ ಹುಟ್ಟಿಸೋದು. 353 ಇದೆ, ಸುಳ್ಳು ಸುದ್ದಿಯಿಂದ ಗಲಾಟೆ ಎಬ್ಬಿಸೋದು. ನೀರಿನ ಟ್ಯಾಂಕ್ ಫೋಟೊ ಇವೆರಡಕ್ಕೂ ಬರಲ್ಲ. 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ, ಒಂದು ಪದ್ಯ ಹಾಕಿದ್ದಕ್ಕೆ ಗುಜರಾತಿನಲ್ಲಿ ಹೂಡಿದ್ದ ಎಫ್‌ಐಆರ್ ರದ್ದು ಮಾಡುತ್ತಾ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಮಾತಿನ ಪರಿಣಾಮ ಅಳೆಯಬೇಕಾದ್ದು ಗಟ್ಟಿ ಮನಸ್ಸಿನವರ ಲೆಕ್ಕದಲ್ಲಿ, ಎಲ್ಲದಕ್ಕೂ ಬೆಚ್ಚಿಬೀಳೋರ ಲೆಕ್ಕದಲ್ಲಲ್ಲ. ಮತ್ತೆ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಮಾತಿನ ಕೇಸುಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡೋದು ಒಳ್ಳೇದು.

ಮುಂದಿನ ಸಲ ಫೋನ್ ಬಂದರೆ ಜಗಳ ಬೇಡ. 'ಸಾರ್, ಯಾವ ಸೆಕ್ಷನ್ ಅಂತ ನೋಟಿಸ್ ಕೊಡಿ, ಬಂದು ಉತ್ತರ ಕೊಡ್ತೀನಿ' ಅನ್ನಿ, ಅಷ್ಟೇ. ಬಂಧನ ಬೇಡದ ಕೇಸಿನಲ್ಲಿ ಹಾಜರಾಗಲು ಹೇಳೋ ನೋಟಿಸಿಗೆ, ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ನಿನಲ್ಲೇ ಜಾಗ ಇದೆ. ಲಿಖಿತದಲ್ಲಿ ಕೇಳಿದ ಕೂಡಲೇ ಎಷ್ಟೋ ಫೋನ್‌ಗಳು ಅಲ್ಲಿಗೇ ನಿಲ್ಲುತ್ತವೆ. ಅಂದ ಹಾಗೆ, ಟ್ಯಾಂಕ್ ತೊಳೆದರಾ? ಬರೀಲೇ ಇಲ್ಲ ನೀವು.

ಪ್ರಶ್ನೆ: ನನ್ನ ರೀಲ್ಸ್ ಕೆಳಗ ಹೊಲಸ ಹೊಲಸ ಬೈದಾರ್ರಿ. ರಿಪೋರ್ಟ್ ಮಾಡಿದರ 'ನಮ್ಮ ನಿಯಮ ಮೀರಿಲ್ಲ' ಅಂತ ಬಂತು. ನನ್ನ ಗೆಳತಿ ತನ್ನ ತಂಗಿಗೆ 'ಕೊಂದ್ ಹಾಕ್ತೀನಿ ನೋಡು' ಅಂತ ಮಸ್ಕಿರಿ ಮಾಡಿದ್ದಕ್ಕ ಆಕಿ ಅಕೌಂಟ್ ಬಂದ್ ಮಾಡಿದ್ರು. ಇದೆಂಥಾ ನ್ಯಾಯ ರೀ? — ಕಲಬುರಗಿ

ಬಂದ ಪತ್ರಗಳಲ್ಲಿ ಅತಿ ಹೆಚ್ಚು ಇದೇ ಪ್ರಶ್ನೆ. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ.

ನಿಮ್ಮ ಪೋಸ್ಟನ್ನು ಮೊದಲು ನೋಡೋದು ಮನುಷ್ಯ ಅಲ್ಲ, ಯಂತ್ರ. ಸಾವಿರಾರು ಉದಾಹರಣೆ ತೋರಿಸಿ 'ಇದು ಬೈಗುಳ, ಇದು ಬೈಗುಳ ಅಲ್ಲ' ಅಂತ ಅದಕ್ಕೆ ಕಲಿಸಿರ್ತಾರೆ. ಇಂಗ್ಲಿಷಿನಲ್ಲಿ ಉದಾಹರಣೆಗೆ ಬರವಿಲ್ಲ, ಕನ್ನಡದಲ್ಲಿ ಕಮ್ಮಿ. ಇರೋದೂ ಪುಸ್ತಕದ ಕನ್ನಡ. ಆದರೆ ಕಾಮೆಂಟಿನಲ್ಲಿ ಯಾರು ಪುಸ್ತಕದ ಕನ್ನಡ ಬರೀತಾರೆ? ಅರ್ಧಕ್ಕರ್ಧ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಒಂದೇ ಬೈಗುಳವನ್ನು ಹತ್ತು ಥರ ಬರೀತಾರೆ, ನಡುವೆ ಒಂದು ಚುಕ್ಕಿ, ಒಂದು ನಕ್ಷತ್ರ, ಅಕ್ಷರದ ಬದಲು ಒಂದು ಅಂಕಿ. ನಮಗೆ ನೋಡಿದ ತಕ್ಷಣ ಗೊತ್ತಾಗುತ್ತೆ, ಯಂತ್ರಕ್ಕೆ ಗೊತ್ತಾಗಲ್ಲ. ಇತ್ತ 'ಸಾಯಿಸ್ಬಿಟ್ಟೆ ಗುರು' ಅಂದರೆ ಮಂಡ್ಯದ ಕಡೆ ಶಭಾಷ್‌ಗಿರಿ. ಯಂತ್ರಕ್ಕೆ ಅದು ಕೊಲೆ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಮ್ಮಲ್ಲಿ ಅತಿ ಕೆಟ್ಟ ಮಾತುಗಳಲ್ಲಿ ಕೆಟ್ಟ ಪದವೇ ಇರಲ್ಲ. 'ನಿಮ್ಮೋರ ಬುದ್ಧಿ ಎಲ್ಲಿ ಹೋಗುತ್ತೆ', 'ಹುಟ್ಟುಗುಣ ಅಲ್ವಾ', 'ಮೊದಲು ಊರೊಳಗೆ ಬರೋದು ಕಲೀರಿ' — ಯಾವ ಪಟ್ಟಿ ಇಟ್ಟುಕೊಂಡು ಹಿಡೀತೀರಿ ಇದನ್ನ? ಜಾತಿ ಗೊತ್ತಿರೋರಿಗೆ ಚುಚ್ಚುತ್ತೆ, ಬೇರೆಯವರಿಗೆ ಒಳ್ಳೇ ಗಾದೆ ಮಾತಿನ ಥರ ಕಾಣುತ್ತೆ. ಕನ್ನಡದ ಊರು ಕೇರಿ ತಿಳಿದ ಮನುಷ್ಯ ಕೂತು ನೋಡದೆ ಇದಕ್ಕೆ ಪರಿಹಾರ ಇಲ್ಲ.

ಆ ಮನುಷ್ಯ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಮ್ಯಾನ್ಮಾರ್ ಇದೆ. 2015ರ ಆರಂಭದಲ್ಲಿ ಫೇಸ್‌ಬುಕ್ಕಿನಲ್ಲಿ ಬರ್ಮೀಸ್ ಬಲ್ಲ, ದೂರಿನ ಪೋಸ್ಟ್ ನೋಡೋ ಜನ ಇಬ್ಬರೇ ಇದ್ದರು ಅಂತ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಅಲ್ಲಿನವರಲ್ಲಿ ಬಹಳ ಜನ ಯೂನಿಕೋಡ್ ಬಿಟ್ಟು ಜಾವ್ಜಿ ಅನ್ನೋ ಬೇರೆ ಫಾಂಟಿನಲ್ಲಿ ಬರೀತಿದ್ದರು, ಯಂತ್ರಕ್ಕೆ ಸರಿಯಾಗಿ ಓದೋಕೆ ಬರ್ತಿರಲಿಲ್ಲ. ರೋಹಿಂಗ್ಯಾ ಅನ್ನೋ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಂ ಜನರ ಮೇಲೆ ವರ್ಷಗಟ್ಟಲೆ ವಿಷ ಹರಿದಾಡಿತು. 2017ರಲ್ಲಿ ಸೇನೆ ದಾಳಿ ಮಾಡಿದಾಗ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ನಾವು ಮಾಡಬೇಕಾದಷ್ಟು ಮಾಡಲಿಲ್ಲ ಅಂತ ಫೇಸ್‌ಬುಕ್ 2018ರ ನವೆಂಬರಿನಲ್ಲಿ ಒಪ್ಪಿಕೊಂಡಿತು.

2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ನಮ್ಮ ಭಾಷೆ ನೋಡೋಕೆ ಎಷ್ಟು ಜನ ಕೂತಿದ್ದಾರೆ? ಯುರೋಪಿನಲ್ಲಾದರೆ ದೊಡ್ಡ ಕಂಪನಿಗಳು ಪ್ರತಿ ಅಧಿಕೃತ ಭಾಷೆಗೂ ಎಷ್ಟು ಪರಿಶೀಲಕರಿದ್ದಾರೆ ಅಂತ ಲೆಕ್ಕ ಪ್ರಕಟಿಸಬೇಕು, ಅಲ್ಲಿನ ಡಿಜಿಟಲ್ ಸೇವೆಗಳ ಕಾಯ್ದೆ ಹಾಗೆ ಹೇಳುತ್ತೆ. ನಮ್ಮಲ್ಲಿ ಕಂಪನಿಗಳು ತಿಂಗಳಿಗೊಂದು ವರದಿ ಕೊಡ್ತವೆ, ಇಷ್ಟು ದೂರು ಬಂತು, ಇಷ್ಟು ತೆಗೆದೆವು ಅಂತ. ಭಾಷೆವಾರು ಲೆಕ್ಕ ಕೊಡಲೇಬೇಕು ಅನ್ನೋ ನಿಯಮ ಇಲ್ಲ. ಕನ್ನಡ ಪರ ಸಂಘಟನೆಗಳು ಅಂಗಡಿ ಬೋರ್ಡಿನ ಜೊತೆಗೆ ಇದನ್ನೂ ಕೇಳಬಾರದಾ?

ಸದ್ಯಕ್ಕೆ ನೀವು ಮಾಡಬೇಕಾದ್ದು: ರಿಪೋರ್ಟ್ ಗುಂಡಿಯನ್ನೇ ನೆಚ್ಚಿಕೊಳ್ಳಬೇಡ್ರಿ. ಸ್ಕ್ರೀನ್‌ಶಾಟ್ ತಗೊಂಡು, ಆ ಮಾತಿನ ಅರ್ಥವನ್ನು ಒಂದೆರಡು ಸಾಲು ಇಂಗ್ಲಿಷಿನಲ್ಲಿ ಬಿಡಿಸಿ, ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡ್ರಿ. ಗೆಳತಿಗೂ ಅದೇ ದಾರಿ.

ಪ್ರಶ್ನೆ: ಎಕ್ಸ್ ಕಂಪನಿ ನಮ್ಮ ಹೈಕೋರ್ಟಿನಲ್ಲಿ ಎರಡು ಸಲ ಸೋತಿತಲ್ಲ, ಅದರಿಂದ ನಮ್ಮಂಥವರಿಗೆ ಲಾಭವಾ, ನಷ್ಟವಾ? — ಕಾನೂನು ವಿದ್ಯಾರ್ಥಿ, ಧಾರವಾಡ

ನಷ್ಟ ಅಂತ ನನ್ನ ಅಭಿಪ್ರಾಯ. ಆದರೆ ಎಲ್ಲರೂ ಹೇಳೋ ಕಾರಣಕ್ಕಲ್ಲ.

ಮೊದಲ ಸಲ, 2022ರಲ್ಲಿ, ಆಗಿನ್ನೂ ಅದು ಟ್ವಿಟರ್. ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರ್ಕಾರ ಒಂದು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಅಕೌಂಟ್, ನೂರಕ್ಕೂ ಹೆಚ್ಚು ಟ್ವೀಟ್ ತಡೆಯಲು ಆದೇಶಿಸಿತ್ತು. ಕಂಪನಿ ಅದರಲ್ಲಿ 39 ಲಿಂಕ್‌ಗಳನ್ನು ಮಾತ್ರ ಪ್ರಶ್ನಿಸಿತು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2023ರ ಜೂನ್ 30ರಂದು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ವೆಚ್ಚವನ್ನೂ ಹೇರಿದರು. ಎರಡನೆಯದು 2025ರ ಮಾರ್ಚಿನ ಸಹಯೋಗ್ ಪೋರ್ಟಲ್ ಕೇಸು. ಅದನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಸೆಪ್ಟೆಂಬರ್ 24ರಂದು ವಜಾ ಮಾಡಿದರು.

ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು. 69ಎ ಅಡಿ ತಡೆಯಬೇಕಾದರೆ ಸಮಿತಿ ಸೇರಬೇಕು, ಕಾರಣ ಬರವಣಿಗೆಯಲ್ಲಿ ಇರಬೇಕು. ಇಷ್ಟೆಲ್ಲ ಇದೆ ಅನ್ನೋ ಕಾರಣಕ್ಕೇ 2015ರಲ್ಲಿ ಸುಪ್ರೀಂ ಕೋರ್ಟ್ 66ಎಯನ್ನು ಹೊಡೆದು ಹಾಕಿದರೂ 69ಎಯನ್ನು ಉಳಿಸಿತು. 79ನೇ ಸೆಕ್ಷನ್ ಬೇರೆ. ಜನ ಬರೆದದ್ದಕ್ಕೆ ಕಂಪನಿ ಹೊಣೆ ಅಲ್ಲ ಅನ್ನೋ ರಕ್ಷಣೆ ಅದು. ಸರ್ಕಾರ ತಿಳಿಸಿದಮೇಲೂ ಕಾನೂನುಬಾಹಿರ ವಿಷಯ ತೆಗೆಯದಿದ್ದರೆ ರಕ್ಷಣೆ ಹೋಗುತ್ತೆ. ಈ ಬಾಲವನ್ನೇ ಹಿಡಿದು ಸಹಯೋಗ್ ಅನ್ನೋ ಪೋರ್ಟಲ್ ಮಾಡಿದರು, ಬೇರೆ ಬೇರೆ ಇಲಾಖೆ, ರಾಜ್ಯಗಳ ಪೊಲೀಸರು ಅದರ ಮೂಲಕ ತೆಗೆಯಲು ಹೇಳಬಹುದು. ಸಮಿತಿ ಇಲ್ಲ, ಏನೂ ಇಲ್ಲ. ಇದು ಹಿಂಬಾಗಿಲು ಅಂತ ಎಕ್ಸ್ ವಾದ. ಹೈದರಾಬಾದ್ ಹತ್ತಿರ ಒಬ್ಬರು ರೈಲು ಹಳಿ ಮೇಲೆ ಕಾರು ಓಡಿಸಿದ ವಿಡಿಯೊ ತೆಗೀರಿ ಅಂತ ರೈಲ್ವೆಯಿಂದ ಬಂದ ನೋಟಿಸನ್ನು ಅವರ ವಕೀಲರು ಕೋರ್ಟಿನಲ್ಲಿ ಉದಾಹರಣೆ ಕೊಟ್ಟರು. ಸರ್ಕಾರವೂ ಸುಮ್ಮನಿರಲಿಲ್ಲ. 'ಕರ್ನಾಟಕದ ಸುಪ್ರೀಂ ಕೋರ್ಟ್' ಅಂತ ಒಂದು ನಕಲಿ ಅಕೌಂಟ್ ತೆರೆದು, ಅದಕ್ಕೆ ಎಕ್ಸ್ ಕೊಟ್ಟ ದೃಢೀಕರಣದ ಟಿಕ್ ಸಮೇತ ಸಾಲಿಸಿಟರ್ ಜನರಲ್ ನ್ಯಾಯಮೂರ್ತಿಗಳಿಗೆ ತೋರಿಸಿದರು. ನೋಡಿ, ಎಷ್ಟು ಸುಲಭ ಅಂತ. ಎರಡೂ ಕಡೆಯವರ ಉದಾಹರಣೆ ಜೋರಾಗೇ ಇತ್ತು!

ಕೋರ್ಟ್ ಹೇಳಿದ್ದು, 19ನೇ ವಿಧಿ ಇರೋದು ದೇಶದ ನಾಗರಿಕರಿಗೆ, ವಿದೇಶಿ ಕಂಪನಿ ಅದನ್ನು ಕೇಳಿಕೊಂಡು ಬರೋ ಹಾಗಿಲ್ಲ ಅಂತ. ಅದು ಸರಿಯೇ ಇರಬಹುದು. ನನ್ನ ಚಿಂತೆ ಇಲ್ಲೇ. ಕಂಪನಿಗೆ ಹಕ್ಕಿಲ್ಲ, ಒಪ್ಪೋಣ. ಹಕ್ಕಿರೋ ನಾಗರಿಕನಿಗೆ ತನ್ನ ಪೋಸ್ಟ್ ಯಾರ ಆದೇಶದಿಂದ ಹೋಯಿತು ಅಂತ ಗೊತ್ತೇ ಇರಲ್ಲ. 69ಎ ಅಡಿ ಮಾಡಿದ 2009ರ ತಡೆ ನಿಯಮಗಳಲ್ಲಿ 16ನೆಯದು ಎಲ್ಲವನ್ನೂ ಗುಟ್ಟಾಗಿಡಿ ಅನ್ನುತ್ತೆ. ಬರೆದವರನ್ನು 'ಅಥವಾ' ಕಂಪನಿಯನ್ನು ಗುರುತಿಸಿ ನೋಟಿಸ್ ಕೊಡಿ ಅಂತ 8ನೇ ನಿಯಮ ಇದೆ. ಆ ಒಂದು 'ಅಥವಾ' ಹಿಡಿದು ನೋಟಿಸ್ ಕಂಪನಿಗೆ ಹೋಗುತ್ತೆ, ಬರೆದವರಿಗೆ ಬರಲ್ಲ. ಹಕ್ಕಿರೋನಿಗೆ ಸುದ್ದಿ ಇಲ್ಲ, ಸುದ್ದಿ ಇರೋನಿಗೆ ಹಕ್ಕಿಲ್ಲ. ತೆಗೆದದ್ದು ಸರಿಯೋ ತಪ್ಪೋ ಅನ್ನೋದು ಆಮೇಲಿನ ಮಾತು, ಹೇಳದೇ ತೆಗೆಯೋದು ಮಾತ್ರ ಯಾವ ಕಾಲಕ್ಕೂ ಸರಿಯಲ್ಲ. ಈ ನಿಯಮಗಳನ್ನೇ ಪ್ರಶ್ನಿಸಿದ ಅರ್ಜಿಗೆ ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ನೋಟಿಸ್ ಕೊಟ್ಟಿದೆ. ನೀವು ಕಾನೂನು ಓದುವವರು, ಅದರ ಮೇಲೆ ಕಣ್ಣಿಡಿ.

ಒಂದು ಸುಧಾರಣೆ ಆಗಿದೆ. 2025ರ ನವೆಂಬರ್ 15ರಿಂದ ಜಂಟಿ ಕಾರ್ಯದರ್ಶಿ ಅಥವಾ ಡಿಐಜಿ ದರ್ಜೆಯ ಅಧಿಕಾರಿಗಳೇ ಇಂಥ ಸೂಚನೆ ಕೊಡಬೇಕು, ಕಾರಣವನ್ನೂ ಬರೆಯಬೇಕು. ಆದರೆ 2026ರ ಫೆಬ್ರವರಿಯಲ್ಲಿ, ಆದೇಶ ಬಂದಮೇಲೆ ತೆಗೆಯೋಕೆ ಇದ್ದ 36 ಗಂಟೆಯನ್ನು 3 ಗಂಟೆಗೆ ಇಳಿಸಿದರು. ಮೂರು ಗಂಟೆಯಲ್ಲಿ ಯಾವ ಕಂಪನಿ ಕೂತು ಯೋಚನೆ ಮಾಡುತ್ತೆ? ಮೊದಲು ತೆಗಿ, ಆಮೇಲೆ ನೋಡು, ಅಷ್ಟೇ.

ಪ್ರಶ್ನೆ: ನಾನಿರೋದು ನ್ಯೂಜೆರ್ಸಿಯಲ್ಲಿ. ಇಲ್ಲಿ ಕೂತು ಕನ್ನಡದಲ್ಲಿ ಏನು ಬರೆದರೂ ನಡೆಯುತ್ತೆ ಅಲ್ವಾ?

ಅಲ್ಲಿನ ಸರ್ಕಾರದಿಂದ ರಕ್ಷಣೆ ಜಾಸ್ತಿ, ಹೌದು. ಆದರೆ ಭಾರತದ ಆದೇಶ ಬಂದರೆ ನಿಮ್ಮ ಪೋಸ್ಟ್ ಇಲ್ಲಿ ಮಾತ್ರ ಕಾಣದ ಹಾಗೆ ಮಾಡ್ತಾರೆ. ನಿಮಗೆ ಅಲ್ಲಿ ಕಾಣ್ತಾನೇ ಇರುತ್ತೆ, ಊರಲ್ಲಿರೋ ಅಣ್ಣ ತಮ್ಮಂದಿರಿಗೆ ಕಾಣಲ್ಲ. ಇನ್ನು ಐಟಿ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಹೊರದೇಶದಲ್ಲಿ ಮಾಡಿದ ಅಪರಾಧಕ್ಕೆ ಭಾರತದಲ್ಲಿರೋ ಕಂಪ್ಯೂಟರಿನ ನಂಟಿದ್ದರೆ ಕಾಯ್ದೆ ಅಲ್ಲಿಗೂ ಚಾಚುತ್ತೆ. ಏನು ಬರೀಬೇಕು ಅಂತಿದ್ದೀರೋ ಗೊತ್ತಿಲ್ಲ, ನೋಡ್ಕೊಂಡು ಬರೀರಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ವಾಟ್ಸ್‌ಆಪ್ ಗುಂಪಿಗೆ ನಾನೇ ಅಡ್ಮಿನ್. ಒಬ್ಬ ಅಂಕಲ್ ದಿನಾ ಬೆಳಗ್ಗೆ ಒಂದು ಸಮುದಾಯದ ಮೇಲೆ ಏನಾದರೂ ಹಾಕ್ತಾರೆ. ನಾಳೆ ಕೇಸಾದರೆ ನನ್ನ ಮೇಲೂ ಆಗುತ್ತಾ? — ಬೆಂಗಳೂರು

ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಆಗಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹಾಗೇ ಹೇಳಿವೆ. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಹೊಣೆ ಅಲ್ಲ, ಇಬ್ಬರೂ ಸೇರಿ ಮಾಡಿದ್ದಿದ್ದರೆ ಬೇರೆ ಮಾತು. ನಮ್ಮ ಹೈಕೋರ್ಟಿನದ್ದಲ್ಲ ಅನ್ನೋದು ನೆನಪಿರಲಿ, ಆದರೂ ವಾದಕ್ಕೆ ಬರುತ್ತೆ.

ಕೇಸಿನ ಮಾತು ಬಿಡಿ, ಕೇಸಿಗಿಂತ ಕೆಟ್ಟದ್ದಾಗಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸ್‌ಆಪ್ ಸುದ್ದಿ ನಂಬಿ ಜನ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದರು. ಅವರ ಜೊತೆಗಾರರು ಊರ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಅದೇ ತಿಂಗಳು ವಾಟ್ಸ್‌ಆಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡೋ ಮಿತಿ ತಂದಿತು. 2020ರ ಏಪ್ರಿಲಿನಲ್ಲಿ, ಕೈಯಿಂದ ಕೈಗೆ ತುಂಬ ಸಲ ದಾಟಿದ್ದನ್ನು ಒಂದೇ ಕಡೆಗೆ ಅಂತ ಮಾಡಿತು. ನನಗೆ ಇದು ತುಂಬ ಜಾಣ ಉಪಾಯ ಅನಿಸುತ್ತೆ. ಯಾರ ಮೆಸೇಜನ್ನೂ ಓದಲಿಲ್ಲ, ಯಾರ ಮಾತನ್ನೂ ಅಳಿಸಲಿಲ್ಲ, ವೇಗ ಮಾತ್ರ ಇಳಿಸಿದರು. ವಾಕ್ ಸ್ವಾತಂತ್ರ್ಯ ಅಂದರೆ ಒಂದೇ ನಿಮಿಷದಲ್ಲಿ ಸಾವಿರ ಜನಕ್ಕೆ ಮುಟ್ಟಿಸೋ ಹಕ್ಕು ಅಂತೇನಿಲ್ಲವಲ್ಲ.

ನಿಮ್ಮ ಅಂಕಲ್ ವಿಷಯ. ಅಡ್ಮಿನ್ ಆದವರು ಬೇರೆಯವರ ಮೆಸೇಜನ್ನು ಎಲ್ಲರಿಗೂ ಅಳಿಸಬಹುದು. ಅಳಿಸಿ, ಆದರೆ ಯಾಕೆ ಅಳಿಸಿದೆ ಅಂತ ಗುಂಪಿನಲ್ಲೇ ಒಂದು ಸಾಲು ಹಾಕಿ. ಕಂಪನಿಯವರಿಂದ ನಾವು ಕೇಳೋ ಶಿಸ್ತು ನಮಗೂ ಇರಬೇಕು. ಮತ್ತೆ ಹಾಕಿದರೆ ಗುಂಪಿನಿಂದ ಹೊರಗೆ. ನೀರು, ಲಿಫ್ಟ್ ವಿಷಯಕ್ಕೆ ಅವರಿಗೆ ನೋಟಿಸ್ ಬೋರ್ಡ್ ಇದೆ.

ಪ್ರಶ್ನೆ: ಯಾರೋ ನನ್ನ ಫೋಟೊ ತೆಗೆದು ಬೆತ್ತಲೆ ಚಿತ್ರಕ್ಕೆ ಅಂಟಿಸಿ ನಕಲಿ ಅಕೌಂಟಿನಲ್ಲಿ ಹಾಕಿದ್ದಾರೆ. ಮನೆಯಲ್ಲಿ ಹೇಳಿಲ್ಲ. — ಮೈಸೂರು

ಉತ್ತರಕ್ಕೆ ಪತ್ರಿಕೆ ಬರೋತನಕ ಕಾಯಬಾರದು ಅಂತ ಇವರಿಗೆ ಆಗಲೇ ಬರೆದಿದ್ದೇನೆ. ಇದೇ ಕಷ್ಟದಲ್ಲಿರೋ ಬೇರೆಯವರಿಗಾಗಿ ಇಲ್ಲಿ ಹಾಕ್ತಿದ್ದೇನೆ.

ಇಲ್ಲಿ ವಾಕ್ ಸ್ವಾತಂತ್ರ್ಯದ ಪ್ರಶ್ನೆಯೇ ಇಲ್ಲ, ಬೇಗ ತೆಗೆಸೋದೊಂದೇ. ಅಳಿಸೋ ಮೊದಲು ಅಕೌಂಟಿನ ಲಿಂಕ್, ಸ್ಕ್ರೀನ್‌ಶಾಟ್, ದಿನಾಂಕ ಇಟ್ಕೊಳ್ಳಿ. ಆಮೇಲೆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ನೀವೇ, ಅಥವಾ ನಿಮ್ಮ ಪರವಾಗಿ ಯಾರಾದರೂ ದೂರು ಕೊಡಿ. ಬೆತ್ತಲೆ ಚಿತ್ರ, ನಕಲಿ ಚಿತ್ರದ ದೂರಿಗೆ 2021ರ ನಿಯಮ 24 ಗಂಟೆ ಕೊಟ್ಟಿತ್ತು, 2026ರ ತಿದ್ದುಪಡಿ 2 ಗಂಟೆಗೆ ಇಳಿಸಿದೆ. ಆಗಲೇ ಮೂರು ಗಂಟೆ ಬಗ್ಗೆ ಗೊಣಗಿದೆ, ಈ ಎರಡು ಗಂಟೆಗೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ ಇದೆ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆ, ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆ ವಿಭಾಗ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಇಂಥ ಚಿತ್ರ ಮತ್ತೆ ಹರಡದಂತೆ ತಡೆಯೋಕೆ ಸ್ಟಾಪ್ ಎನ್‌ಸಿಐಐ (StopNCII) ಅನ್ನೋ ವೆಬ್‌ಸೈಟೂ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗಲ್ಲ, ಅದರ ಒಂದು ಡಿಜಿಟಲ್ ಗುರುತು ಮಾತ್ರ ಹೋಗುತ್ತೆ, ಒಪ್ಪಂದ ಇರೋ ಕಂಪನಿಗಳು ಅದೇ ಗುರುತಿನ ಚಿತ್ರ ಮತ್ತೆ ಬಂದರೆ ತಡೀತವೆ. ಅದು 18 ವರ್ಷ ಮೀರಿದವರಿಗೆ.

ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಕ್ಕನೋ, ಅತ್ತಿಗೆಯೋ. ತಪ್ಪು ಮಾಡಿದ್ದು ನೀವಲ್ಲ.

ಪ್ರಶ್ನೆ: ಧರ್ಮಸ್ಥಳದ ವಿಷಯದಲ್ಲಿ ಕಳೆದ ವರ್ಷ ಸಾವಿರಾರು ವಿಡಿಯೊ ತೆಗೆಸಿದರಲ್ಲ, ನನ್ನ ಚಾನೆಲ್ಲಿನದ್ದೂ ಹೋಯಿತು. ನಾನು ಆ ಕೇಸಿನಲ್ಲಿ ಪಾರ್ಟಿನೇ ಅಲ್ಲ. ಹಾಗೆ ಮಾಡಬಹುದಾ? — ಮಂಗಳೂರು

ನಡೆದ ಸಂಗತಿಯಲ್ಲಿ ಯಾರು ಸರಿ ಯಾರು ತಪ್ಪು ಅನ್ನೋದಕ್ಕೆ ನಾನು ಹೋಗಲ್ಲ. ನಿಮ್ಮ ಪ್ರಶ್ನೆಗೆ ಮಾತ್ರ ಉತ್ತರ.

2025ರ ಜುಲೈ 18ರಂದು ಬೆಂಗಳೂರಿನ ಸಿವಿಲ್ ಕೋರ್ಟ್ ಮಾನಹಾನಿ ದಾವೆಯೊಂದರಲ್ಲಿ ತಾತ್ಕಾಲಿಕ ಆದೇಶ ಕೊಟ್ಟಿತು. ಮುನ್ನೂರಕ್ಕೂ ಹೆಚ್ಚು ಪ್ರತಿವಾದಿಗಳು, 8,842 ಲಿಂಕ್‌ಗಳು. ಅದರಲ್ಲಿ ಯೂಟ್ಯೂಬ್ ವಿಡಿಯೊಗಳೇ 4,140. ಎದುರಿನವರ ಮಾತು ಕೇಳೋ ಮೊದಲೇ ಬಂದ ಆದೇಶ ಅದು. ಹೆಸರು ಗೊತ್ತಿಲ್ಲದವರಿಗೂ ಅನ್ವಯಿಸೋ ಇಂಥ ಆದೇಶಕ್ಕೆ ಹೊರದೇಶಗಳಲ್ಲಿ ಜಾನ್ ಡೋ ಅಂತಾರೆ, ನಮ್ಮ ಕೋರ್ಟುಗಳಲ್ಲಿ ಅಶೋಕ್ ಕುಮಾರ್ ಆದೇಶ ಅಂತಾರೆ. ಪಾಪ, ಎಷ್ಟು ಜನ ಅಶೋಕ್ ಕುಮಾರರಿಗೆ ಬೇಜಾರಾಗಿದೆಯೋ! ಸಿನಿಮಾ ಪೈರಸಿ ತಡೆಯೋಕೆ ಇದು ಬೇಕಾಗುತ್ತೆ, ಕದ್ದವರ ಹೆಸರು ಮೊದಲೇ ಗೊತ್ತಿರಲ್ಲವಲ್ಲ. ಆದರೆ ಮಾನಹಾನಿ ಬೇರೆ. ಪ್ರತಿ ವಿಡಿಯೊದಲ್ಲಿ ಏನು ಹೇಳಿದ್ದಾರೆ, ಸುಳ್ಳಾ, ಟೀಕೆಯಾ, ಬರೀ ಸುದ್ದಿಯಾ ಅಂತ ಒಂದೊಂದಾಗಿ ನೋಡಬೇಕು. ಎಂಟು ಸಾವಿರ ಚಿಲ್ಲರೆ ಲಿಂಕನ್ನು ಯಾರು ಕೂತು ನೋಡಿರ್ತಾರೆ?

ಒಂದು ಯೂಟ್ಯೂಬ್ ಚಾನೆಲ್ಲಿನವರು ಹೈಕೋರ್ಟಿಗೆ ಹೋದರು. ಆಗಸ್ಟ್ 1ರಂದು ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟು, ಮತ್ತೆ ವಿಚಾರಣೆ ಮಾಡಿ ಅಂತ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ತೀರ್ಪು ಕೊಟ್ಟವರು, ಮುಂದಿನ ತಿಂಗಳೇ ಎಕ್ಸ್ ಅರ್ಜಿ ವಜಾ ಮಾಡಿದ ಅದೇ ನ್ಯಾಯಮೂರ್ತಿ ನಾಗಪ್ರಸನ್ನ. ಕೋರ್ಟುಗಳನ್ನು ಒಂದೇ ಮಾತಿನಲ್ಲಿ ಪರ, ವಿರೋಧ ಅಂತ ಹಚ್ಚೋರು ಇದನ್ನು ಗಮನಿಸಬೇಕು.

ನೀವು ಜಾಲತಾಣಕ್ಕೆ ಬರೆದು ಯಾವ ಕೋರ್ಟ್, ಯಾವ ದಾವೆ ಸಂಖ್ಯೆ, ಯಾವ ದಿನದ ಆದೇಶದ ಮೇಲೆ ತೆಗೆದದ್ದು ಅಂತ ಕೇಳಿ. ಆ ವಿವರ ಸಿಕ್ಕಿದರೆ ನಿಮ್ಮ ವಕೀಲರು ಆದೇಶದ ಈಗಿನ ಸ್ಥಿತಿ ನೋಡಿ, ಪಾರ್ಟಿ ಅಲ್ಲದಿದ್ದರೂ ನಿಮ್ಮನ್ನು ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಬಹುದು. ವಿಡಿಯೊದಲ್ಲಿ ಯಾರ ಮೇಲಾದರೂ ಆಧಾರ ಇಲ್ಲದೆ ಕೊಲೆ, ಅತ್ಯಾಚಾರದ ಆರೋಪ ಹೊರಿಸಿದ್ದರೆ ಮಾತ್ರ ವಾಪಸ್ ಹಾಕಲೇಬೇಡಿ. ಮಾನಹಾನಿ ಕಾನೂನು ಇನ್ನೂ ಹಾಗೇ ಇದೆ.

ಪ್ರಶ್ನೆ: ರಸ್ತೆ ಗುಂಡಿ ಫೋಟೊ ಕಾಮೆಂಟಿನಲ್ಲಿ ಹಾಕಿದ್ದಕ್ಕೆ ನಮ್ಮ ಶಾಸಕರು ನನ್ನನ್ನ ಬ್ಲಾಕ್ ಮಾಡಿದ್ದಾರೆ. ಅವರಿಗೆ ಆ ಹಕ್ಕಿದೆಯಾ? — ದಾವಣಗೆರೆ ಕಡೆಯಿಂದ

ನಮ್ಮಲ್ಲಿ ಇದಕ್ಕೇ ಅಂತ ಕಾನೂನು ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ ಲಿಂಡ್ಕೆ ಮತ್ತು ಫ್ರೀಡ್ ಪ್ರಕರಣದಲ್ಲಿ ಒಂದು ಅಳತೆ ಕೊಟ್ಟಿದೆ. ಸರ್ಕಾರದ ಪರವಾಗಿ ಮಾತಾಡೋ ಅಧಿಕಾರ ಆ ವ್ಯಕ್ತಿಗಿದ್ದು, ಆ ಪೋಸ್ಟಿನಲ್ಲಿ ಅದನ್ನೇ ಚಲಾಯಿಸ್ತಿದ್ದರೆ ಆಗ ಬ್ಲಾಕ್ ಮಾಡೋದು ಸರ್ಕಾರವೇ ಬಾಯಿ ಮುಚ್ಚಿಸಿದ ಹಾಗೆ. ಮೊಮ್ಮಗಳ ಹುಟ್ಟುಹಬ್ಬದ ಫೋಟೊ ಹಾಕೋ ಸ್ವಂತ ಪೇಜಾದರೆ ಬ್ಲಾಕ್ ಅವರಿಷ್ಟ. ಇಲ್ಲೂ ಯಾರಾದರೂ ಹೈಕೋರ್ಟಿಗೆ ಹೋದರೆ ಈ ಪ್ರಶ್ನೆ ಚೆನ್ನಾಗಿ ಚರ್ಚೆ ಆಗುತ್ತೆ, ಆದರೆ ಗುಂಡಿಗೋಸ್ಕರ ನೀವೇ ಹೋಗಿ ಅಂತ ನಾನು ಹೇಳಲ್ಲ. ರಸ್ತೆ ಯಾವ ಇಲಾಖೆಯದ್ದು ಅಂತ ನೋಡಿ ಅವರಿಗೆ ಒಂದು ಅರ್ಜಿ ಬರೆದು, ಅದೇ ಫೋಟೊ ಅಂಟಿಸಿ, ಸ್ವೀಕೃತಿ ಹಾಕಿಸಿಕೊಳ್ಳಿ. ತಿಂಗಳಾದರೂ ಏನೂ ಆಗದಿದ್ದರೆ ಆ ಅರ್ಜಿ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.